ಹೆಸರು ಹಿಡಿದು ಕರೆದದ್ದು

ಶುಕ್ರವಾರ ಮಧ್ಯಾಹ್ನ
ಆಸ್ಪತ್ರೆಯ ಕ್ಯಾಂಟೀನು

ಪ್ರೀತಿಯ ಅಕ್ಕ,

ಬೆಳಿಗ್ಗೆ ನೀವು ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಬರೀ ಹೂಂ ಹೂಂ ಅಂದು ಇಟ್ಟುಬಿಟ್ಟೆ. ಅತ್ತೆ ಪಕ್ಕದಲ್ಲೇ ಇದ್ದರು. ಈಗ ಅವರು ನಿಮ್ಮ ತಮ್ಮನ ಬಳಿ ಕೂತಿದ್ದಾರೆ, ನಾನು ಆರಿಹೋದ ಕಾಫಿಯ ಮುಂದೆ ಕೂತು ಫೋನಿನಲ್ಲೇ ಇದನ್ನು ಬರೆದು ಕಳಿಸುತ್ತಿದ್ದೇನೆ.

ಲಿಫ್ಟ್ ರಿಪೇರಿ ಮಾಡುವ ಇವರೇ ಲಿಫ್ಟಿನ ಗುಂಡಿಗೆ ಬಿದ್ದಾಗ, ಎದ್ದ ಮೇಲೆ ಇವರನ್ನು ಹೇಗೆ ರೇಗಿಸಬೇಕು ಅಂತ ಜೊತೆ ಕೆಲಸದವರು ಯೋಚಿಸುತ್ತಿದ್ದರು. ಮೊದಲ ಸ್ಕ್ಯಾನಿನಲ್ಲಿ ಅಂಥದ್ದೇನೂ ಕಂಡಿರಲಿಲ್ಲವಲ್ಲ, ನಾವೂ ನಂಬಿಕೊಂಡು ಕೂತೆವು. ಕಣ್ಣು ಬಿಡದೇ ಇದ್ದಾಗ ಡಾಕ್ಟರಮ್ಮ ಹೊಸ ಬಗೆಯ ಎಂಆರ್‌ಐ ಮಾಡಿಸಿದರು. ಮಿದುಳಿನ ಆಳದಲ್ಲಿ, ಮನುಷ್ಯನನ್ನು ಎಚ್ಚರವಾಗಿಡುವ ಜಾಗದಲ್ಲಿ, ಎರಡೂ ಕಡೆ ಕಪ್ಪು ಚುಕ್ಕೆಗಳು. ಒಂದೊಂದೂ ರಕ್ತ ಒಸರಿದ ಗುರುತಂತೆ. ನರದ ಎಳೆಗಳನ್ನು ಬಣ್ಣದಲ್ಲಿ ತೋರಿಸುವ ಚಿತ್ರವನ್ನೂ ಮುಂದಿಟ್ಟರು. ಎಳೆಗಳು ಇರಬೇಕಾದ ಕಡೆ ಬರೀ ಕತ್ತಲೆ.

ಇನ್ನೊಂದು ಪರೀಕ್ಷೆ ಉಳಿದಿತ್ತು. ಅದೇ ಯಂತ್ರದೊಳಗೆ ಮಲಗಿಸಿ, ಮನೆಯವರ ದನಿಯಲ್ಲಿ ಹೆಸರು ಕರೆದದ್ದನ್ನು ಕಿವಿಗೆ ಕೇಳಿಸುತ್ತಾರೆ. ಮಿದುಳು ಓಗೊಟ್ಟರೆ ಪರದೆಯಲ್ಲಿ ಗೊತ್ತಾಗುತ್ತದೆ. ಹೆಂಡತಿಯ ದನಿಯೇ ಇರಲಿ ಅಂದರು. ಅಕ್ಕ, ನಾನು ಅವರನ್ನು ಯಾವತ್ತು ಹೆಸರು ಹಿಡಿದು ಕರೆದಿದ್ದೇನೆ? ಮದುವೆಯಾದಂದಿನಿಂದ “ರೀ” ಒಂದೇ. ಆದರೂ ರೆಕಾರ್ಡ್ ಮಾಡುವಾಗ ಹೆಸರು ಹೇಳಿದೆ, ಹಾಜರಿ ತೆಗೆದುಕೊಳ್ಳುವ ಟೀಚರ್ ಹಾಗೆ. ಪರದೆಯಲ್ಲಿ ಏನೂ ಅಲ್ಲಾಡಲಿಲ್ಲ.

ಅದು ಅವರ ಹೆಸರು ನಿಜ, ಆದರೆ ನನ್ನ ಕರೆ ಅದಲ್ಲ ಅಂತ ಡಾಕ್ಟರಮ್ಮನ ಬೆನ್ನು ಬಿದ್ದೆ. ಪುಣ್ಯವಂತೆ, ಬೇಸರಿಸದೆ ಇನ್ನೊಮ್ಮೆ ಮಾಡಿಸಿದರು. ಈ ಸಲ “ರೀ, ಸ್ವಲ್ಪ ಇಲ್ಲಿ ಕೇಳಿ” ಅಂದೆ. ಅಡುಗೆಮನೆಯಿಂದ ಕೂಗುತ್ತೇನಲ್ಲ, ಹಾಗೇ, ಅರ್ಧ ಸಿಟ್ಟಿನಲ್ಲಿ. ಗಾಜಿನ ಈಚೆ ನಿಂತು ಪರದೆಯನ್ನೇ ನುಂಗುವ ಹಾಗೆ ನೋಡಿದೆ. ಏನೂ ಇಲ್ಲ ಅಕ್ಕ. ಇನ್ನು ಹೇಳಿಕೊಳ್ಳಲು ನನಗೆ ಒಂದು ನೆಪವೂ ಉಳಿದಿಲ್ಲ.

ಡಾಕ್ಟರಮ್ಮನ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. “ಚಿತ್ರ ನೂರಕ್ಕೆ ನೂರು ಹೇಳಲ್ಲಮ್ಮ. ಆದ್ರೆ ಇಂಥ ಚಿತ್ರ ಬಂದವರು ಎದ್ದು ಕೂತಿದ್ದನ್ನ ನಾನಂತೂ ನೋಡಿಲ್ಲ.” ಉಸಿರಾಟದ ಯಂತ್ರವನ್ನು ಮುಂದುವರಿಸಬೇಕೋ ಬೇಡವೋ ಅಂತ ಸೋಮವಾರ ಮನೆಯವರೆಲ್ಲ ಕೂತು ಹೇಳಬೇಕಂತೆ. ಬೇಡ ಅನ್ನುವ ಮಾತು ನನ್ನೊಬ್ಬಳ ಬಾಯಿಂದ ಹೊರಡುವುದಿಲ್ಲ. ಬೇಕು ಅನ್ನಲೂ ಧೈರ್ಯವಿಲ್ಲ. ಹೇಗಾದರೂ ಮಾಡಿ ಅಷ್ಟರೊಳಗೆ ಬನ್ನಿ.

ಇಂತಿ,
ನೀವು ರೇಗಿಸುವ ಬಾಯಿಬಡುಕಿ

ತಾ.ಕ.: ಅತ್ತೆಗೆ ನಾನು ಹೇಳಿರುವುದೇ ಬೇರೆ. ಎರಡನೇ ಸಲ ಪರದೆ ಬೆಳಗಿತು, ನಿಮ್ಮ ಮಗನಿಗೆ ಎಲ್ಲ ಕೇಳಿಸುತ್ತದೆ ಅಂದುಬಿಟ್ಟೆ. ಆಗಿನಿಂದ ಅವರು ಮಗನ ಕಿವಿಯ ಹತ್ತಿರ ಬಾಗಿ ಮಾತಾಡುತ್ತಲೇ ಇದ್ದಾರೆ. ಗಂಟಲು ಕಟ್ಟಿ ದನಿಯೇ ಹೊರಡುತ್ತಿಲ್ಲ, ಆದರೂ ನಿಲ್ಲಿಸಿಲ್ಲ.