ಅಕ್ಕಿಯಲ್ಲಿ ಬರೆದ ಹೊಸ ಹೆಸರು

೧೮ ನವೆಂಬರ್ ೨೦೨೫, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಸಿರಿಂಜಿಗೆ ಪೆನಿಸಿಲಿನ್ ತುಂಬಿಕೊಂಡು ಹೋದಾಗ ಬಾಣಂತಿ ಕೋಮಲ ಕೈ ಹಿಂದಕ್ಕೆಳೆದುಕೊಂಡಳು: "ಸಿಸ್ಟರ್, ಲಗ್ನದ ಮುಂಚೆ ಇಲ್ಲೇ ಒಂದ್ ಸೂಜಿ ಮಾಡಿದ್ರಿ, ಉಸಿರ ಕಟ್ಟಿತ್ತು."

ಕಂಪ್ಯೂಟರಿನಲ್ಲಿ ಕೋಮಲಳ ಹೆಸರಿನಡಿ ಅದರ ಸುಳಿವೇ ಇರಲಿಲ್ಲ. ತವರಿನ ಹೆಸರು ಕೇಳಿ ಹುಡುಕಿದೆ. ಸದಲಗಾದ ಮಯೂರಿ, ಕೆಂಪಕ್ಷರದಲ್ಲಿ 'ಪೆನಿಸಿಲಿನ್ ಕೊಡಬಾರದು'.

ಕಂಪ್ಯೂಟರಿಗೆ ಎಂಟ್ರಿ ಮಾಡುವ ಹುಡುಗ ಸಮಾಧಾನನನ್ನು ಕೇಳಿದರೆ, "ಫಾರ್ಮಿನ್ಯಾಗ ಕೋಮಲ ಅಂತ ಐತ್ರಿ. ಹೊಸಾ ಹೆಸರು, ಹೊಸಾ ಎಂಟ್ರಿ" ಅಂದ. ಹುಟ್ಟಿದ ತಾರೀಖು ಹಾಕಿ ಒಮ್ಮೆ ಹುಡುಕಿದ್ದರೆ ಬೆರಳು ಸವೆಯುತ್ತಿತ್ತೇ? ಇಲ್ಲಿಯ ಪದ್ಧತಿಯಂತೆ ಲಗ್ನದಲ್ಲಿ ಗಂಡ ತಾಟಿನ ಅಕ್ಕಿಯಲ್ಲಿ ಹೆಂಡತಿಗೆ ಹೊಸ ಹೆಸರು ಬರೆದರೆ ಮೈಯೂ ಹೊಸದಾಗುತ್ತದೆಯೇ?

ಮಯೂರಿಯ ಹಳೆಯ ದಾಖಲೆ ಯಾಕೆ ನೋಡಲಿಲ್ಲ ಎಂದು ಅವನ ಮೇಲೆ ಕೂಗಾಡಿದೆ. ಕೋಮಲಳ ಅತ್ತೆ ನನ್ನ ಮೇಲೆಯೇ ಹರಿಹಾಯ್ದಳು: "ಆ ಹಳೇ ಹೆಸರ್ಲೆ ಕರೀಬ್ಯಾಡ್ರಿ, ಈಗ ಆಕಿ ನಮ್ಮ ಕೋಮಲ."

ಕರೆಯುತ್ತೇನೆ. ಇವರ ಕೋಮಲಳನ್ನು ಇವತ್ತು ಉಳಿಸಿದವಳು ಆ ಮಯೂರಿಯೇ.