ಗೋಡೆ ಎಲ್ಲಿ?

ಆಪಿಯಾ
ಆಗಸ್ಟ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಫೀಲೀಪೋ,

ಮಂಡಿ ಹೇಗಿದೆ? ಆಕ್ಲೆಂಡಿನ ಡಾಕ್ಟರು ಹಾಕಿದ ಹೊಸ ಕೀಲು ಮಡಚುತ್ತದೆಯೋ, ಇಲ್ಲ ಇನ್ನು ಮುಂದೆ ಹಿರಿಯರ ಸಭೆಯಲ್ಲಿ ಕಾಲು ಚಾಚಿ ಕೂತು ನಮ್ಮ ಮನೆಯ ಮಾನ ಕಳೆಯುತ್ತೀಯೋ? ಊಟಕ್ಕೆ ಕೆಸುವಿನ ಗಡ್ಡೆ ಕೊಡಲಿಲ್ಲವೆಂದು ದಾದಿಯರ ಮೇಲೆ ಮುನಿಸಿಕೊಳ್ಳಬೇಡ.

ನೀನು ಕಟ್ಟಿದ ವಿಶ್ವವಿದ್ಯಾಲಯದ ಕಲಾಕೇಂದ್ರ ನಿನ್ನೆ ಉದ್ಘಾಟನೆಯಾಯಿತು. ನಿನ್ನ ಹೆಸರು ಉಳಿದಿದೆ. ಶುಕ್ರವಾರ ಮಧ್ಯಾಹ್ನ ಅದು ಉಳಿಯುವ ಲಕ್ಷಣವೇ ಇರಲಿಲ್ಲ. ಕಲಾವಿಭಾಗದ ಮುಖ್ಯಸ್ಥೆ ಮಟಾಲೇನಾ ಚೌಕಟ್ಟು ಹಾಕಿದ ನಲವತ್ತು ಚಿತ್ರಗಳನ್ನು ಲಾರಿಯಿಂದ ಇಳಿಸಿ, ಸುತ್ತಿಗೆ ಹಿಡಿದು ಒಳಗೆ ಒಂದು ಸುತ್ತು ಬಂದಳು. ಆಮೇಲೆ ಇನ್ನೊಂದು ಸುತ್ತು. "ಸೆಫೀನಕ್ಕ, ಗೋಡೆ ಎಲ್ಲಿ?" ಎಂದಳು. ನಾನೂ ನೋಡಿದೆ. ನುಣುಪಾದ ಕಂಬಗಳಿದ್ದವು, ಗುಮ್ಮಟದಂಥ ಗರಿಯ ಚಾವಣಿಯಿತ್ತು, ಒಂದೂ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಲ್ಲಿ ಬಿಗಿದ ತೊಲೆಗಳಿದ್ದವು. ಗೋಡೆ ಇರಲಿಲ್ಲ. ನಕ್ಷೆಯನ್ನು ಕುಲಪತಿಗಳು ನೋಡಿದ್ದರು, ಸಮಿತಿ ಐದು ಸಲ ನೋಡಿತ್ತು, ಊರ ಹಿರಿಯರು ಪ್ರಾರ್ಥನೆ ಮಾಡಿ ನೋಡಿದ್ದರು. ಗೋಡೆಯಿರುವ ಮನೆಯಲ್ಲಿ ಹುಟ್ಟಿದವರು ಅವರಲ್ಲಿ ಒಬ್ಬರೂ ಇರಲಿಲ್ಲ, ಏನು ಮಾಡುವುದು?

ಅಷ್ಟರಲ್ಲಿ ಆಚೆ ಊರಿನ ಬಡಗಿ ಲೌಲು ವಾಸನೆ ಹಿಡಿದು ಬಂದ. "ನಿನ್ನ ತಮ್ಮ ಮಂಡಿ ಜೊತೆ ಗೋಡೇನೂ ಆಕ್ಲೆಂಡಿಗೆ ತಗೊಂಡು ಹೋದ್ನಾ? ಬಿಡಕ್ಕ, ಕಂಬಕ್ಕೆ ಮೊಳೆ ಹೊಡೆದು ಪ್ಲೈವುಡ್ ಕೂರಿಸಿ ಕೊಡ್ತೀನಿ, ಒಂದು ಗಂಟೆ ಕೆಲಸ" ಎಂದ. ಜೀವಮಾನದಲ್ಲಿ ಮೊಳೆ ಮುಟ್ಟದವನ ಕಂಬಕ್ಕೆ ಮೊಳೆ. "ಹೊಡಿ ನೋಡೋಣ, ಅದೇ ಸುತ್ತಿಗೇಲಿ ನಿನ್ನ ಹಲ್ಲು ಎಣಿಸ್ತೀನಿ" ಎಂದು ನಾನು ಅತ್ಯಂತ ವಿನಯದಿಂದ ಹೇಳಿದೆ.

ಆಮೇಲೆ ನಮ್ಮ ಮಹಿಳಾ ಸಮಿತಿಯನ್ನು ಕೂಗಿದೆ. ಮಳೆ ಬಂದಾಗ ಮನೆಯ ಕಂಬಗಳ ನಡುವೆ ಇಳಿಬಿಡುವ ಗರಿಯ ತಟ್ಟಿಗಳನ್ನು ಹದಿನೆಂಟು ಮನೆಗಳಿಂದ ಬಿಚ್ಚಿ ತಂದು ಅಲ್ಲಿ ಕಟ್ಟಿದೆವು. ಚಿತ್ರಗಳನ್ನು ಹುರಿಯಲ್ಲಿ ಅವಕ್ಕೆ ಬಿಗಿದೆವು. ಕಡಲ ಗಾಳಿಗೆ ಚಿತ್ರಗಳು ಮೆಲ್ಲಗೆ ತೂಗಿದವು, ನೋಡುತ್ತ ನಿಂತ ಅತಿಥಿಗಳೂ ತೂಗಿದರು. ಲೌಲು ಕೂಡ ಕಂಬ ಸವರಿ, "ಕಟ್ಟಿದ್ದಾನೆ ಮುದುಕ" ಎಂದು ಗೊಣಗಿದ. ಸಂಜೆ ಜೋರು ಮಳೆ. ಚಿತ್ರಗಳ ಮೇಲೆ ಒಂದು ಹನಿ ಬೀಳಲಿಲ್ಲ. ಹದಿನೆಂಟು ಮನೆಯವರು ಮನೆಯೊಳಗೇ ಕೂತು ನೆನೆದೆವು. ನನ್ನ ಚಾಪೆ ಇನ್ನೂ ಬಿಸಿಲಲ್ಲಿದೆ. ಆದರೂ ಮನಸ್ಸು ಹಗುರವಾಗಿದೆ ಕಣೋ.

ದೇವರು ನಿನ್ನ ಎರಡೂ ಮಂಡಿಗಳನ್ನು ಕಾಯಲಿ.

ನಿನ್ನ ಅಕ್ಕ,
ಸೆಫೀನಾ

ಮರೆತಿದ್ದೆ: ಗೋಡೆ ಮರೆತುಹೋಯಿತೇ ಎಂದು ಮಟಾಲೇನಾ ಕೇಳಿದಾಗ, "ಮರೆಯೋದಾ? ತಟ್ಟಿ ಕಟ್ಟಲಿ ಅಂತ ಬೇಕಂತಲೇ ಬಿಟ್ಟಿದ್ದಾನೆ" ಎಂದುಬಿಟ್ಟೆ, ಅದೂ ಪಾದ್ರಿಯವರ ಎದುರಿಗೆ. ಅವಳು ಅದನ್ನೇ ಭಾಷಣದಲ್ಲಿ ಹೇಳಿದಳು, ಜನ ಚಪ್ಪಾಳೆ ತಟ್ಟಿದರು, ಈಗ ಕಲ್ಲಿನಲ್ಲಿ ಕೆತ್ತಿಸುತ್ತಿದ್ದಾರೆ. ವಿಮಾನ ಇಳಿದ ಕೂಡಲೇ ಯಾರಾದರೂ ಕೇಳುತ್ತಾರೆ. ಬಾಯಿಪಾಠ ಮಾಡಿಕೊಂಡೇ ಬಾ.