ಶ್ಯಾರನ್‌ಗೆ ಕೊಟ್ಟ ಪಾಸು

ಮಾಮಾ,

ಹೇಗಿದ್ದೀರಿ ಎಂದು ಕೇಳಿ ಶುರುಮಾಡುವ ಮನಸ್ಸು ಇವತ್ತು ಇಲ್ಲ. ನೀವು ತೀರಿಹೋಗಿ ಆರು ವರ್ಷವಾಯಿತು. ಇಷ್ಟು ದಿನ ನಿಮ್ಮ ಜೊತೆ ಮನಸ್ಸಿನಲ್ಲೇ ಮಾತಾಡಿಕೊಂಡಿದ್ದೆ, ಅದೂ ಹೆಚ್ಚಾಗಿ ತರಲೆ ಮಾತು. ಮನೆಯ ಮೇಲಿನ ಕೌನ್ಸಿಲ್ ಟ್ಯಾಕ್ಸ್ ಮತ್ತೆ ಏರಿತು, ನಿಮ್ಮ ಗುಲಾಬಿಗೆ ಮತ್ತೆ ಹುಳ ಬಿತ್ತು, ಅಂಥವು. ಈಗ ಬರೆದೇ ಹೇಳಬೇಕಾದದ್ದು ಒಂದು ಬಂದಿದೆ. ದಯವಿಟ್ಟು ಪೂರ್ತಿ ಓದಿ.

ನಾನು ಲೀಡ್ಸ್‌ನ ನಿಮ್ಮ ಮನೆಗೆ ಬಂದ ದಿನ ನೆನಪಿದೆಯಾ? ಡಾಕ್ಟರಾಗಿದ್ದ ಅಪ್ಪನಿಗೆ ಆರು ತಿಂಗಳಿಗೊಂದು ಆಸ್ಪತ್ರೆ, ಆರು ತಿಂಗಳಿಗೊಂದು ಊರು. ಹುಡುಗಿಯ ಓದು ಹಾಳಾಗುತ್ತದೆ ಎಂದು ಅಮ್ಮ ನನ್ನನ್ನು ತನ್ನ ತಮ್ಮನಾದ ನಿಮ್ಮ ಹತ್ತಿರ ಬಿಟ್ಟಳು. ನನಗೆ ಒಂಬತ್ತು ವರ್ಷ. ನೀವು ಬಾಗಿಲಲ್ಲೇ ನನ್ನ ಪೆಟ್ಟಿಗೆ ಇಸಿದುಕೊಂಡು, "ಬಾರವಾ ಸುಮಿ, ಇನ್ನ ಇದ ನಿನ್ನ ಮನಿ" ಎಂದಿರಿ. ಧಾರವಾಡದ ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಅಳು ನಿಂತಿತು. ನಿಮಗೂ ಮಾಮಿಗೂ ಮಕ್ಕಳಿರಲಿಲ್ಲ, ನನಗೆ ಅಲ್ಲಿ ಯಾವುದಕ್ಕೂ ಕಡಿಮೆಯಾಗಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಬರೆಯುವಾಗ ಇದನ್ನು ಹೇಳುವಷ್ಟು ತಾಳ್ಮೆ ಉಳಿಯಲಿಕ್ಕಿಲ್ಲ.

ಶಾಲೆಯಲ್ಲಿ ನಿಮ್ಮ ಕೆಲಸದ ಬಗ್ಗೆ ಎಷ್ಟು ಬಡಾಯಿ ಕೊಚ್ಚಿದ್ದೆ! ನಮ್ಮ ಮಾಮಾ ಟೀವಿಯಲ್ಲಿದ್ದಾರೆ ಅಂತ. ನೀವು ಇದ್ದದ್ದು ಟೀವಿ ಸ್ಟುಡಿಯೊದ ನೆಲಮಾಳಿಗೆಯಲ್ಲಿ. ಹಳೆಯ ಬಟ್ಟೆ ಗಿರಣಿಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದ ಸಣ್ಣ ಕಂಪನಿ ಅದು. ಈಗ ಕಂಪನಿಯೂ ಇಲ್ಲ, ಕಟ್ಟಡವೂ ಇಲ್ಲ. ಟೇಪುಗಳನ್ನು ಜೋಡಿಸಿಡುವುದು, ಪ್ರಸಾರವಾದ ಮೇಲೆ ಅಳಿಸುವುದು ನಿಮ್ಮ ಕೆಲಸ. ಟೇಪು ದುಬಾರಿಯಾಗಿದ್ದ ಕಾಲ. ಹೋದ ತಿಂಗಳು ಹಾಡಿ ಕುಣಿದವರನ್ನು ಒರೆಸಿ ಅದೇ ಟೇಪಿನ ಮೇಲೆ ಈ ತಿಂಗಳಿನವರನ್ನು ತುಂಬುತ್ತಿದ್ದರು. ಒಂದೊಂದು ಕಾರ್ಯಕ್ರಮಕ್ಕೂ ಒಂದೊಂದು ಕಾರ್ಡು. ಏನು ರೆಕಾರ್ಡ್ ಆಯಿತು, ಯಾವಾಗ ಅಳಿಸಿದ್ದು ಎಂದು ಅದರಲ್ಲಿ ನಿಮ್ಮ ದುಂಡನೆಯ ಇಂಗ್ಲಿಷ್ ಅಕ್ಷರ.

ಶುಕ್ರವಾರ ಸಂಜೆ ಐದಕ್ಕೆ ಆ ಪಾಪ್ ಕಾರ್ಯಕ್ರಮ ಬಂತೆಂದರೆ ನಾನು ಟೀವಿಯ ಮುಂದಿನಿಂದ ಏಳುತ್ತಿರಲಿಲ್ಲ. ಹೊಗೆಯ ನಡುವೆ ಕಣ್ಣಿಗೆ ಕಪ್ಪು ಬಳಿದುಕೊಂಡ ಹುಡುಗರು, ರೆಕಾರ್ಡಿನ ಹಾಡಿಗೆ ಬರೀ ತುಟಿ ಆಡಿಸುವುದು. ಸುತ್ತ ನಮ್ಮ ವಯಸ್ಸಿನ ಮಕ್ಕಳು ಕುಣಿಯುವರು. ಇರುವುದೇ ಐವತ್ತು ಮಕ್ಕಳು, ಅವರನ್ನೇ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಕುರಿ ಅಟ್ಟಿದ ಹಾಗೆ ಅಟ್ಟಿ ಐನೂರು ಜನರಂತೆ ತೋರಿಸುತ್ತಾರೆ ಎಂದು ನೀವೇ ನಗುತ್ತ ಹೇಳಿದ್ದಿರಿ. ಮತ್ತೆ ನಡುವೆ ಅವನು, ನೀಲಿ ವೆಲ್ವೆಟ್ ಕೋಟಿನ ನಿರೂಪಕ. ಎರಡೂ ಕಡೆ ಇಬ್ಬರು ಹುಡುಗಿಯರ ಹೆಗಲ ಮೇಲೆ ಕೈ ಹಾಕಿಕೊಂಡೇ ಮುಂದಿನ ಹಾಡಿನ ಹೆಸರು ಹೇಳುವನು. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತು.

ರೆಕಾರ್ಡಿಂಗಿಗೆ ಹೋಗಿ ಕುಣಿಯಲು ಸಿಬ್ಬಂದಿಯ ಮನೆಯವರಿಗೆ, ಗುರುತಿನವರಿಗೆ ಆಗೊಮ್ಮೆ ಈಗೊಮ್ಮೆ ಪಾಸು ಸಿಗುತ್ತಿತ್ತು. ಹದಿನೈದು ತುಂಬಲಿ ಎಂದಿದ್ದಿರಿ, ತುಂಬಿತು. ಆ ದಿನ ನಾನು ಕೇಳಿದಾಗ ನೀವು ಪತ್ರಿಕೆಯಿಂದ ಮುಖ ಎತ್ತಲಿಲ್ಲ. "ಬ್ಯಾಡ."

"ಯಾಕ ಮಾಮಾ?"

"ಬ್ಯಾಡ ಅಂದ್ರ ಬ್ಯಾಡ. ಯಾಕ ಅಂತ ಕೇಳಬ್ಯಾಡ."

ಎರಡು ದಿನ ಊಟ ಬಿಟ್ಟೆ. ಮುಂದಿನ ವಾರ ಬಸ್ ಸ್ಟಾಪಿನಲ್ಲಿ ಪಕ್ಕದ ಮನೆಯ ಶ್ಯಾರನ್ ಕೋಟಿನ ಜೇಬಿನಿಂದ ಹಳದಿ ಪಾಸು ತೆಗೆದು ನನ್ನ ಮೂಗಿನ ಕೆಳಗೆ ಆಡಿಸಿದಳು. "ನಿನ್ನ ಅಂಕಲ್ ಎಷ್ಟು ಒಳ್ಳೆಯವರು! ಅಮ್ಮ ಕೇಳಿದ ಕೂಡಲೇ ಕೊಟ್ಟರು. ನೀನೂ ಬರ್ತೀಯಲ್ಲ?" ಸ್ವಂತ ಅಕ್ಕನ ಮಗಳಿಗೆ ಇಲ್ಲದ್ದು ಈ ಬಿಳಿ ಹುಡುಗಿಗೆ ಹೇಗೆ? ಆ ಸಿಟ್ಟನ್ನು ನಾನು ಎಷ್ಟು ವರ್ಷ ಸಾಕಿದೆ ಗೊತ್ತಾ? ನನ್ನ ಮದುವೆಯ ದಿನವೂ ಅದನ್ನು ಎತ್ತಿ ನಿಮ್ಮನ್ನು ಚುಚ್ಚಿದ್ದೆ.

ಮಂಗಳವಾರ ರೆಕಾರ್ಡಿಂಗ್, ಶುಕ್ರವಾರ ಪ್ರಸಾರ. ಆ ಶುಕ್ರವಾರ ಮಾಮಿ ಚಹಾದ ಕಪ್ಪು ಹಿಡಿದೇ ಕೂಗಿದರು. "ಏ ಸುಮಿ, ಅಲ್ನೋಡ, ನಮ್ಮ ಬಾಜೂಮನಿ ಶ್ಯಾರನ್!" ಹೌದು, ಅವಳೇ. ನೀಲಿ ವೆಲ್ವೆಟ್ ತೋಳು ಅವಳ ಕುತ್ತಿಗೆ ಬಳಸಿತ್ತು, ಅವಳು ಹಲ್ಲೆಲ್ಲ ತೋರಿಸಿ ನಗುತ್ತಿದ್ದಳು. ನೀವು ಎದ್ದು ಅಡುಗೆಮನೆಗೆ ಹೋದಿರಿ. ಪಾತ್ರೆ ತೊಳೆಯುವ ಸದ್ದು ಕೇಳಿಸಿತು. ಮನೆಯಲ್ಲಿ ಒಂದು ಲೋಟ ತೊಳೆದವರಲ್ಲ ನೀವು. ಮಾಮಿಗೆ ನಗು. "ಇವತ್ತ ಸೂರ್ಯಾ ಯಾವ ಕಡೆ ಹುಟ್ಯಾನೋ!" ನಾನೂ ನಕ್ಕೆ.

ಆಮೇಲೆ ಒಂದು ದಿನ ಶಾಲೆಯ ಊಟದ ಹೊತ್ತಿನಲ್ಲಿ ಶ್ಯಾರನ್ ನನ್ನ ಪಕ್ಕ ಬಂದು ಕೂತಳು. ತಟ್ಟೆಯಲ್ಲಿದ್ದುದನ್ನು ಮುಟ್ಟಲಿಲ್ಲ. "ಸುಮಿ, ನಿನಗೊಂದು ಹೇಳಬೇಕು" ಎಂದಳು. ನಾನು ನನ್ನ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದೆ. ಬೇಸಿಗೆ ರಜೆಗೆ ಮುಂಚೆಯೇ ಶ್ಯಾರನ್ ಮನೆಯವರು ಮನೆ ಖಾಲಿ ಮಾಡಿದರು. ಎಲ್ಲಿಗೆ ಹೋದರು ಎಂದು ನಾನು ಕೇಳಲೂ ಇಲ್ಲ. ಇದು ನನ್ನ ಪಾಲಿನ ತಪ್ಪು ಮಾಮಾ, ನಿಮ್ಮ ತಲೆಗೆ ಕಟ್ಟುವುದಿಲ್ಲ.

ಹೋದ ಚಳಿಗಾಲ ಶೆಫೀಲ್ಡಿನ ನನ್ನ ಮನೆಯಲ್ಲಿ ನಾನೂ ಮಾಮಿಯೂ ವಾರ್ತೆ ನೋಡುತ್ತಿದ್ದೆವು. ಮಂಡಿನೋವು ಜಾಸ್ತಿಯಾದ ಮೇಲೆ ಮಾಮಿ ನನ್ನ ಜೊತೆಗೇ ಇದ್ದಾರೆ. ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತ ಹೆಂಗಸೊಬ್ಬಳು ಮಾತಾಡುತ್ತಿದ್ದಳು. ಲೀಡ್ಸ್‌ನ ಸ್ಟುಡಿಯೊ, ಹದಿನೈದರ ವಯಸ್ಸು, ರೆಕಾರ್ಡಿಂಗ್ ಆದ ಮೇಲೆ ಮೇಲಿನ ಕೋಣೆ... ಇನ್ನೂ ಇಬ್ಬರು ಹೆಂಗಸರು ದೂರು ಕೊಟ್ಟಿದ್ದಾರಂತೆ. ಅವನು, ಆ ನೀಲಿ ಕೋಟಿನವನು, ಇನ್ನೂ ಬದುಕಿದ್ದಾನೆ ಮಾಮಾ. ಅಂಥ ಕೋಣೆಯೇ ಇರಲಿಲ್ಲ, ಕೆಲಸ ಮುಗಿದ ಕೂಡಲೇ ಮನೆಗೆ ಹೋಗುತ್ತಿದ್ದೆ ಎನ್ನುತ್ತಾನೆ. ಕಟ್ಟಡ ಇಲ್ಲ, ಟೇಪು ಇಲ್ಲ, ಯಾರು ಸಾಕ್ಷಿ ಹೇಳುತ್ತಾರೆ? ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಮುಂದೆ ಬನ್ನಿ ಎಂದು ಪೊಲೀಸರು ಕೇಳಿಕೊಂಡರು. ಪಾಸು ಹೇಗೆ ಸಿಕ್ಕಿತ್ತು ಎಂದು ವರದಿಗಾರ ಕೇಳಿದ. "ಪಕ್ಕದ ಮನೆಯ ಇಂಡಿಯನ್ ಕೊಟ್ಟಿದ್ದರು" ಎಂದಳು ಅವಳು. "ತುಂಬ ಒಳ್ಳೆಯ ಮನುಷ್ಯ. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ."

ಮಾಮಿ ಟೀವಿ ಆರಿಸಿದರು.

ಮರುವಾರ ಲೀಡ್ಸ್‌ನ ಮನೆ ಮಾರುವುದಕ್ಕೆಂದು ಗ್ಯಾರೇಜು ಖಾಲಿ ಮಾಡಲು ಹೋದೆ. ಪೇಂಟಿನ ಡಬ್ಬಗಳ ಹಿಂದೆ, ಟೇಪು ಇಡುವ ಅಗಲವಾದ ಪೆಟ್ಟಿಗೆಯೊಂದಿತ್ತು. ಒಳಗೆ ನಿಮ್ಮ ಕಾರ್ಡುಗಳು. ಎದುರಿಗೆ ಇಂಗ್ಲಿಷ್, ತಿರುವಿ ಹಾಕಿದರೆ ಕನ್ನಡ. ಆ ಕಟ್ಟಡದಲ್ಲಿ ನಿಮ್ಮನ್ನು ಬಿಟ್ಟು ಯಾರೂ ಓದಲಾಗದ ಅಕ್ಷರ. ನಾನು ಅಲ್ಲೇ ತಣ್ಣನೆಯ ಸಿಮೆಂಟಿನ ಮೇಲೆ ಕೂತೆ.

ಮೊದಲನೆಯದು: "ರೆಕಾರ್ಡಿಂಗ್ ಆದ ಮೇಲೆ ಇಬ್ಬರು ಹುಡುಗಿಯರನ್ನು ಮೇಲಿನ ಕೋಣೆಗೆ ಕರೆದೊಯ್ದ. ಒಂದು ತಾಸು. ಒಬ್ಬಳು ಅಳುತ್ತ ಇಳಿದಳು. ಬೂಟು ಕೈಯಲ್ಲಿತ್ತು." ಎರಡು ವಾರ ಬಿಟ್ಟು ಮತ್ತೆ ಹಾಗೇ, ಬೇರೆ ಹುಡುಗಿ. ಆಮೇಲೆ: "ಮ್ಯಾನೇಜರಿಗೆ ಹೇಳಿದೆ. ನೀನು ಟೇಪು ನೋಡಿಕೋ, ಮಂದಿಯನ್ನಲ್ಲ ಅಂದ." ಅಷ್ಟಾದರೂ ಹೇಳಿದಿರಿ ಎಂದು ನನಗೆ ಸಮಾಧಾನವಾಯಿತು. ಮುಂದಿನ ಕಾರ್ಡು: "ಸುಮಿ ಪಾಸು ಕೇಳಿದಳು. ಬೇಡ ಅಂದೆ." ಕಣ್ಣು ತುಂಬಿ ಬಂತು. ನನ್ನನ್ನು ಉಳಿಸಿದಿರಿ, ನಾನು ಅದಕ್ಕೇ ನಿಮ್ಮನ್ನು ಜನ್ಮವಿಡೀ ಚುಚ್ಚಿದೆ. ಅದರ ಮುಂದಿನದನ್ನು ಓದುವವರೆಗೆ ಮಾತ್ರ ನಿಮ್ಮ ಮೇಲೆ ಆ ಪ್ರೀತಿ ಹಾಗೇ ಇತ್ತು. "ಶ್ಯಾರನ್‌ಳ ತಾಯಿ ಬೇಲಿಯ ಹತ್ತಿರ ಕೇಳಿದಳು. ಏನು ಕಾರಣ ಹೇಳಲಿ? ಕೊಟ್ಟೆ."

ಏನು ಕಾರಣ ಹೇಳಲಿ! ನನಗೆ ಕಾರಣ ಬೇಕಿರಲಿಲ್ಲ, ಅಲ್ಲವೇ? ಮನೆಯ ಹುಡುಗಿಗೆ ಬ್ಯಾಡ ಅಂದ್ರ ಬ್ಯಾಡ, ಮುಗಿಯಿತು. ನೆರೆಮನೆಯ ಇಂಗ್ಲಿಷ್ ಹೆಂಗಸಿಗೆ ಇಲ್ಲ ಎನ್ನಬೇಕಾದರೆ ಯಾಕೆ ಎಂದು ಹೇಳಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನಿಮಗೆ ಸಂಕೋಚ, ನಾಚಿಕೆ, ಕೆಲಸದ ಹೆದರಿಕೆ. ಪಾಸು ಮುಗಿದಿದೆ ಎಂದು ಒಂದು ಸಣ್ಣ ಸುಳ್ಳು ಹೇಳಲೂ ಬರಲಿಲ್ಲವೇ ನಿಮಗೆ? ನನಗೆ ಹಲ್ಲುನೋವು ಎಂದು ಶಾಲೆಗೆ ಎಷ್ಟು ಸಲ ಸುಳ್ಳು ಹೇಳಿದವರು ನೀವು...

ನಿಮ್ಮ ಕೊನೆಯ ಕನ್ನಡ ಬರಹ ಇದು. "ಶ್ಯಾರನ್. ಮೇಲಿನ ಕೋಣೆ. ಒಂದೂವರೆ ತಾಸು. ನಾನು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ." ಅದಾದ ಮೇಲಿನ ಕಾರ್ಡುಗಳ ಹಿಂಬದಿ ಖಾಲಿ. ಕಾರ್ಯಕ್ರಮ ಇನ್ನೂ ಎರಡು ವರ್ಷ ನಡೆದಿತ್ತು.

ಮಾಮಿಗೆ ಎಲ್ಲವನ್ನೂ ಓದಿ ಹೇಳಿದೆ. ಸೆರಗಿನ ತುದಿ ಮಡಚುತ್ತ ಕೇಳಿದರು. ಆಮೇಲೆ ಹೇಳಿದರು. "ಹಿಂದಿನವು ಪೊಲೀಸರಿಗೆ ಕೊಡು. ಅವನಿಗೆ ಶಿಕ್ಷಾ ಆಗ್ಲಿ. ಪಾಸಿಂದು, ಮೆಟ್ಟಿಲಿಂದು, ಎರಡ ಕಾರ್ಡ್ ತಗದಿಡು ಸುಮಿ. ಸತ್ತವರ ಹೆಸರು ಯಾಕ ಕೆಡಸ್ತಿ? ನಿನ್ನ ಉಳಿಸ್ಯಾರ ಅವರು. ಅಷ್ಟು ಸಾಲದೇನ?"

ಒಂಬತ್ತು ದಿನ ಆ ಎರಡು ಕಾರ್ಡು ನನ್ನ ಕೈಚೀಲದಲ್ಲಿದ್ದವು. ತೆಗೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಶ್ಯಾರನ್‌ಳ ಹೆಸರಿರುವುದು ಆ ಎರಡರಲ್ಲಿ ಮಾತ್ರ. ಅವಳು ಆ ಮೆಟ್ಟಿಲು ಹತ್ತಿದಳು ಎನ್ನುವುದಕ್ಕೆ ಈ ಭೂಮಿಯ ಮೇಲೆ ಇರುವ ಬರಹ ಅದೊಂದೇ. ನಿಮ್ಮ ಹೆಸರು ಉಳಿಯಬೇಕಾದರೆ ಅವಳು ಸುಳ್ಳಿಯಾಗಬೇಕು. ಒಮ್ಮೆ ತಟ್ಟೆ ಎತ್ತಿಕೊಂಡು ಎದ್ದುಹೋದವಳು ನಾನು. ಎರಡನೆಯ ಸಲ ನನ್ನಿಂದ ಆಗಲಿಲ್ಲ.

ಎಲ್ಲ ಕೊಟ್ಟೆ. ಪೊಲೀಸ್ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಭಾಷಾಂತರಕ್ಕೆ ಬೇರೆಯವರು ಬರುತ್ತಾರೆ, ಸದ್ಯಕ್ಕೆ ಇದರಲ್ಲಿ ಏನಿದೆ ಹೇಳಿ ಎಂದಳು. ಹೇಳಿದೆ. ಪೆನ್ನು ಕೆಳಗಿಟ್ಟು ಕೇಳಿದಳು. "ಅಂದರೆ ಪಾಸು ಕೊಡುವಾಗಲೇ ನಿಮ್ಮ ಅಂಕಲ್‌ಗೆ ಗೊತ್ತಿತ್ತೇ?" ಗೊತ್ತಿತ್ತು ಎಂದೆ. ಮಾಮಿ ಅವತ್ತಿನಿಂದ ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡುತ್ತಾರೆ.

ವಿಚಾರಣೆ ಬರುವ ಸೋಮವಾರ. ಕಾರ್ಡಿನ ಅಕ್ಷರ ನಿಮ್ಮದೇ ಎಂದು ಹೇಳಬೇಕಾದವಳು ನಾನು. ಅವನು ಎದುರಿಗೆ ಕೂತಿರುತ್ತಾನೆ, ಅವನಿಗೆ ಕಾಣದ ಹಾಗೆ ಶ್ಯಾರನ್ ಪರದೆಯ ಹಿಂದೆ. ಬರೆದವರು ಯಾರು ಎಂದು ಕೇಳಿದರೆ ನನ್ನನ್ನು ಸಾಕಿದವರು ಎನ್ನುತ್ತೇನೆ, ತಲೆ ತಗ್ಗಿಸುವುದಿಲ್ಲ. ಮಿಕ್ಕದ್ದನ್ನೂ ಒಂದಕ್ಷರ ಬಿಡದೆ ಹೇಳುತ್ತೇನೆ, ಇದು ನಿಮಗೆ ಕೊಡುವ ಮಾತು. ನಿಮಗೆ ಗೊತ್ತಿತ್ತು ಎಂದು ಶ್ಯಾರನ್‌ಗೆ ಇನ್ನೂ ಯಾರೂ ಹೇಳಿಲ್ಲ; ಸಾಕ್ಷಿಗಳಿಗೆ ಮೊದಲೇ ಹೇಳುವಂತಿಲ್ಲವಂತೆ, ಕೋರ್ಟಿನಲ್ಲೇ ಕೇಳುತ್ತಾಳೆ. ಅವಳು ನಿಮ್ಮನ್ನು ಒಳ್ಳೆಯ ಮನುಷ್ಯ ಎಂದುಕೊಂಡಿರುವ ಕೊನೆಯ ವಾರ ಇದು, ಮಾಮಾ.

ಸುಮಿ